ದನಿಗೊಂದು ಗೂಡು

ಮನೆಗೆ ಬಂದವರಿಗೆ ಎಲ್ಲಿ ಮಣೆ ಹಾಕಬೇಕೆಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ತಿಳಿದಿತ್ತು. ದಾರಿಹೋಕನಿಗೆ ಹೊರಜಗಲಿ, ನೆಂಟರಿಗೆ ಒಳಜಗಲಿ, ತೀರ ಬಳಕೆಯವರಿಗೆ ನಡುಮನೆ. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಎರಡು ಮೂರು ತಲೆಮಾರುಗಳ ಹಿಂದೆ ನಮ್ಮ ಮನೆಗಳಿಗೆ ಬಂದು, ಮತ್ತೆ ಹೊರಡುವ ಮಾತೆತ್ತದೆ ಉಳಿದುಬಿಟ್ಟ ಒಬ್ಬ ಅತಿಥಿಗೆ ಎಲ್ಲಿ ಮಣೆ ಹಾಕಬೇಕೆಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಆ ಅತಿಥಿ ಮಾತನಾಡುವ ಪೆಟ್ಟಿಗೆ. ಮೊದಲು ಅದು ಮರದ ದೊಡ್ಡ ರೇಡಿಯೋ ಆಗಿ ಬಂತು. ಆಮೇಲೆ ಟ್ರಾನ್ಸಿಸ್ಟರು, ಟೇಪ್ ರೆಕಾರ್ಡರು, ಟೆಲಿವಿಷನ್ನಿನ ಎಡಬಲಕ್ಕೆ ದ್ವಾರಪಾಲಕರಂತೆ ನಿಲ್ಲುವ ಕಪ್ಪು ಕಂಬಗಳು. ಈಗ ಅಂಗೈಯಗಲದ, ತಂತಿಯೇ ಇಲ್ಲದ, ಗುಂಡುಕಲ್ಲಿನಂಥ ವಸ್ತು. ವೇಷ ಎಷ್ಟು ಬದಲಾದರೂ ಮನೆಯವರ ದೂರು ಒಂದೇ: ಇದರ ಮಾತು ಬೇಕು, ಮುಖ ಬೇಡ.

ಈ ದೂರಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ನಾನಿರುವುದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ಕಡೆ. ನಮ್ಮಲ್ಲಿ ಈಗಲೂ ಹಲಸಿನ ಮರದ ಕಂಬ, ಕೆತ್ತನೆಯ ಬಾಗಿಲುವಾಡ, ಕನ್ನಡಿಯಂಥ ಕೆಂಪು ಗಾರೆಯ ನೆಲ ಇರುವ ಮನೆಗಳುಂಟು. ಅಂಥ ಜಗಲಿಯಲ್ಲಿ ಒಂದು ಕರಿಯ ಪ್ಲಾಸ್ಟಿಕ್ ಪೆಟ್ಟಿಗೆ, ಅದರ ಹಿಂದೆ ಜೋತುಬಿದ್ದ ನಾಲ್ಕು ತಂತಿ, ಇವು ಮದುವೆಯ ಪಂಕ್ತಿಯಲ್ಲಿ ಬೂಟು ಹಾಕಿಕೊಂಡು ಕುಳಿತವನ ಹಾಗೆ ಕಾಣುತ್ತವೆ. ಆದುದರಿಂದ ಅದನ್ನು ಮರೆಮಾಡಬೇಕೆನ್ನುವವರ ಪಕ್ಷವೇ ನನ್ನದು. ಆದರೆ ಮರೆಮಾಡುವ ಭರದಲ್ಲಿ ಪೆಟ್ಟಿಗೆಯ ಜೊತೆಗೆ ಮಾತೂ ಮರೆಯಾಗುವುದನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ನಾನು ಇಂಜಿನಿಯರನಲ್ಲ, ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವನು. ಆದರೂ ಇಷ್ಟು ವರ್ಷ ಉಕ್ತಲೇಖನ ಬರೆಸಿದವನಿಗೆ, ಯಾವ ಅಕ್ಷರ ಕೊಠಡಿಯ ಯಾವ ಮೂಲೆಯ ಹುಡುಗನನ್ನು ತಲುಪುವುದಿಲ್ಲ ಎಂಬುದು ಅಭ್ಯಾಸಬಲದಿಂದ ತಿಳಿಯುತ್ತದೆ. ಆ ಬಲವೇ ಈ ಮಾತಿಗೆ ಆಧಾರ.

ಮೊದಲು ಹೆಸರಿನ ವಿಷಯ. ‘ಧ್ವನಿಪೆಟ್ಟಿಗೆ’ ಎಂಬ ಸೊಗಸಾದ ಮಾತಿತ್ತು; ಅದನ್ನು ಶರೀರಶಾಸ್ತ್ರದವರು ನಮ್ಮ ಗಂಟಲಿಗೆ ಕೊಟ್ಟುಬಿಟ್ಟರು. ‘ಧ್ವನಿವರ್ಧಕ’ ಎಂದೊಡನೆ ಜಾತ್ರೆಯ ಮರಕ್ಕೆ ಕಟ್ಟಿದ ಕಹಳೆ ಕಣ್ಣಿಗೆ ಬರುತ್ತದೆ. ಮನೆಯಲ್ಲಿ ಎಲ್ಲರೂ ಹೇಳುವುದು ಸ್ಪೀಕರು ಎಂದೇ. ನಾನೂ ಹಾಗೆಯೇ ಹೇಳುತ್ತೇನೆ.

ಕಹಳೆ ಎಂದಾಗ ಒಂದು ಮಾತು ನೆನಪಿಗೆ ಬರುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಶಬ್ದದ ಹುಟ್ಟನ್ನು ಹೇಳುವಾಗ ಕಹಳೆಯ ಹೋಲಿಕೆಯನ್ನೇ ಕೊಡುತ್ತಾನೆ, ಶಬ್ದದ್ರವ್ಯದ ಬಣ್ಣ ಬಿಳಿ ಎಂದೂ ಹೇಳುತ್ತಾನೆ. ಗ್ರಾಮಫೋನು ಬಂದಾಗ ಅದರ ಕಹಳೆ ನಿಜವಾಗಿಯೂ ಮನೆಯೊಳಗೆ ಬಂದು ನಿಂತಿತು. ಹಿತ್ತಾಳೆಯ ಆ ದೊಡ್ಡ ಹೂವನ್ನು ಎಲ್ಲಿಡುವುದೆಂದು ಅಮೆರಿಕದ ಗೃಹಿಣಿಯರೂ ಗೊಣಗಿರಬೇಕು. ೧೯೦೬ರಲ್ಲಿ ಅಲ್ಲಿನ ವಿಕ್ಟರ್ ಕಂಪನಿಯವರು ಕಹಳೆಯನ್ನು ಬಗ್ಗಿಸಿ, ಮರದ ಬೀರುವಿನೊಳಗೆ ಅಡಗಿಸಿ, ಮುಂದೆ ಎರಡು ಪುಟ್ಟ ಬಾಗಿಲಿಟ್ಟು ‘ವಿಕ್ಟ್ರೋಲಾ’ ಎಂದು ಮಾರಿದರು. ಬಾಗಿಲು ತೆರೆದರೆ ಹಾಡು ಜೋರು, ಮುಚ್ಚಿದರೆ ಮೆಲ್ಲಗೆ. ಈಗ ನಾವು ಚರ್ಚಿಸುತ್ತಿರುವ ಸಮಸ್ಯೆಗೆ ಎಷ್ಟು ವಯಸ್ಸಾಗಿದೆಯೆಂದು ಇದರಿಂದ ಊಹಿಸಬಹುದು. ಮುಂದೆ ೧೯೨೫ರಲ್ಲಿ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಇಂಜಿನಿಯರುಗಳು, ಕಾಂತದ ನಡುವೆ ತಂತಿಯ ಸುರುಳಿಯನ್ನು ಕುಣಿಸಿ ಅದಕ್ಕೆ ಅಂಟಿಸಿದ ಕಾಗದದ ಶಂಕುವಿನಿಂದ ಸದ್ದು ಹೊರಡಿಸುವ ವಿಧಾನವನ್ನು ಹದಗೊಳಿಸಿದರು. ಇಂದಿನ ಸ್ಪೀಕರುಗಳಲ್ಲಿ ಬಹುಪಾಲು ಅದೇ ವಂಶದವು.

ಹತ್ತು ವರ್ಷಗಳ ಬಳಿಕ, ೧೯೩೫ರ ಸೆಪ್ಟೆಂಬರ್ ೧೦ರಂದು, ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ನಿಲಯ ತೆರೆದರು. ದನಿ ಮನೆಯಿಂದ ಹೊರಟು ಮನೆಗಳನ್ನು ಸೇರುವ ಕಾಲ ನಮ್ಮ ನಾಡಿನಲ್ಲಿ ಹೀಗೆ ಆರಂಭವಾಯಿತು. ರೇಡಿಯೋ ಇಡಲು ಅಂಚೆ ಕಚೇರಿಯಲ್ಲಿ ಲೈಸೆನ್ಸು ಮಾಡಿಸಿ ವರ್ಷವರ್ಷ ಶುಲ್ಕ ಕಟ್ಟಬೇಕಾಗಿದ್ದ ದಿನಗಳವು. ಅಂದಿನ ಸೆಟ್ಟುಗಳನ್ನು ನೋಡಿದವರಿಗೆ ಗೊತ್ತು: ಪಾಲಿಷ್ ಮಾಡಿದ ಮರ, ಮುಂದೆ ಜರಿ ಎಳೆ ಸೇರಿಸಿ ನೇಯ್ದ ತೆಳುವಾದ ಬಟ್ಟೆ, ಮೂಲೆಯಲ್ಲಿ ಹಸಿರು ಕಣ್ಣು. ಅದು ಮರೆಮಾಡಬೇಕಾದ ವಸ್ತುವೇ ಆಗಿರಲಿಲ್ಲ. ಬಂದವರಿಗೆ ತೋರಿಸಬೇಕಾದ ವಸ್ತು. ಆದರೂ ನಮ್ಮವರು ಅದಕ್ಕೊಂದು ಕಸೂತಿಯ ಗವಸು ಹೊಲಿದರು. ಅಜ್ಜಿಯರು ಕ್ರೋಶಾ ಕಡ್ಡಿಯಿಂದ ಹೆಣೆದ ಜಾಲರಿಯಾದರೆ ಚಿಂತೆಯಿಲ್ಲ, ಸದ್ದು ಅದರ ಕಣ್ಣುಗಳಿಂದ ಧಾರಾಳವಾಗಿ ಬರುತ್ತಿತ್ತು. ದಪ್ಪ ಮಕಮಲ್ಲಿನ ಗವಸು ಹೊಲಿಸಿದ ಶ್ರೀಮಂತರ ಮನೆಯಲ್ಲಿ ಮಾತ್ರ ವಾರ್ತೆ ಓದುವವರಿಗೆ ನೆಗಡಿಯಾದಂತೆ ಕೇಳುತ್ತಿತ್ತು. ಆಮೇಲಿನ ಟ್ರಾನ್ಸಿಸ್ಟರಿನ ಚರ್ಮದ ಚೀಲವನ್ನು ನೆನಪಿಸಿಕೊಳ್ಳಿ. ಸ್ಪೀಕರಿನ ಎದುರಿಗೆ ಸರಿಯಾಗಿ ಸಾಲುಸಾಲು ತೂತು. ಚೀಲ ಮಾಡಿದವನಿಗೆ ತಾನು ಏನು ಮಾಡುತ್ತಿದ್ದೇನೆಂಬುದು ತಿಳಿದಿತ್ತು.

ತೂತು ಏಕೆ ಮುಖ್ಯ? ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಬೇಕು, ಬೇಸರಪಡಬೇಡಿ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರು ಓಡುತ್ತದೆ. ಸೆಕೆಂಡಿಗೆ ೧೦೦ ಸಲ ಕಂಪಿಸುವ ಒಂದು ತಗ್ಗುದನಿಯ ಅಲೆಯ ಉದ್ದ ಮೂರೂವರೆ ಮೀಟರಿನಷ್ಟು, ಎಂದರೆ ಹನ್ನೊಂದು ಅಡಿ. ೫,೦೦೦ ಸಲ ಕಂಪಿಸುವ ಕೀರುದನಿಯದು ಏಳು ಸೆಂಟಿಮೀಟರಿಗೂ ಕಡಿಮೆ. ಹನ್ನೊಂದು ಅಡಿಯ ಅಲೆ, ಹೊಳೆಯ ನೀರು ಬಂಡೆಯನ್ನು ಬಳಸಿಕೊಂಡು ಹೋಗುವಂತೆ, ಕಂಬ ಬೀರು ಪರದೆ ಎಲ್ಲವನ್ನೂ ಬಳಸಿಕೊಂಡು ಬರುತ್ತದೆ. ಸಣ್ಣ ಅಲೆಗೆ ಆ ಶಕ್ತಿಯಿಲ್ಲ. ಅದು ಬಿಸಿಲಿನಂತೆ ನೇರವಾಗಿ ಹೋಗುತ್ತದೆ, ಅಡ್ಡ ಬಂದದ್ದರ ಹಿಂದೆ ನೆರಳು ಬೀಳುತ್ತದೆ, ದಪ್ಪ ಬಟ್ಟೆಯಲ್ಲಿ ಇಂಗಿಹೋಗುತ್ತದೆ.

ಇನ್ನು ನಮ್ಮ ವರ್ಣಮಾಲೆಯನ್ನು ಇದರ ಮೇಲಿಟ್ಟು ನೋಡಿ. ಸ್ವರಗಳ ಬಲವೆಲ್ಲ ಬಹುಮಟ್ಟಿಗೆ ೩,೦೦೦ ಕಂಪನಗಳ ಒಳಗೇ ಇರುತ್ತದೆ. ‘ಸ’ಕಾರದ ಸೀತ್ಕಾರ ಇರುವುದು ೪,೦೦೦ದಿಂದ ಮೇಲೆ, ೮,೦೦೦ದವರೆಗೂ. ‘ಶ’ಕಾರ ಅದಕ್ಕಿಂತ ಕೆಳಗೆ. ಆದ್ದರಿಂದ ಸ್ಪೀಕರಿನ ಮೇಲೆ ಕಂಬಳಿ ಹೊದಿಸಿದರೆ ಮೊದಲು ಸಾಯುವುದು ‘ಸ’. ಸ್ವರ ಉಳಿಯುತ್ತದೆ, ವ್ಯಂಜನ ಹೋಗುತ್ತದೆ. ಯಾರೋ ಮಾತನಾಡುತ್ತಿದ್ದಾರೆ ಎಂಬುದು ತಿಳಿಯುತ್ತದೆ, ಏನು ಎಂಬುದು ತಿಳಿಯುವುದಿಲ್ಲ. ಹಳೆಯ ಒಂದು ಸಂಸ್ಕೃತ ಸುಭಾಷಿತದಲ್ಲಿ ತಂದೆ ಮಗನಿಗೆ ವ್ಯಾಕರಣವನ್ನಾದರೂ ಕಲಿತುಕೋ ಎಂದು ಬುದ್ಧಿ ಹೇಳುತ್ತಾನೆ; ಇಲ್ಲದಿದ್ದರೆ ನಮ್ಮವರು ಎಂಬ ಅರ್ಥದ ಸ್ವಜನ ಹೋಗಿ ನಾಯಿಗಳೆಂಬ ಅರ್ಥದ ಶ್ವಜನವಾದೀತು, ಎಲ್ಲ ಎಂಬ ಸಕಲ ಹೋಗಿ ಚೂರು ಎಂಬ ಶಕಲವಾದೀತು ಎಂದು ಆ ತಂದೆಯ ಭಯ. ಆ ಮಗನಿಗೆ ವ್ಯಾಕರಣ ಬಂದಿದ್ದರೂ, ಮನೆಯ ಸ್ಪೀಕರು ಮೂರು ಪದರದ ಪರದೆಯ ಹಿಂದಿದ್ದರೆ, ಸಕಲವೂ ಶಕಲವಾಗಿಯೇ ಕೇಳುತ್ತಿತ್ತು.

ಇದು ಹಾಸ್ಯಕ್ಕೆ ಹೇಳಿದ ಮಾತಲ್ಲ. ನಮ್ಮ ಕಡೆಯ ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಕಣ್ಣು ಮಂಜಾಗಿ ಪುಸ್ತಕ ಬಿಟ್ಟು ಬಹಳ ದಿನವಾಯಿತು. ಬೆಳಗಿನ ಚಿಂತನ, ಪ್ರದೇಶ ಸಮಾಚಾರ, ಅಡಿಕೆ ಧಾರಣೆ, ಸಂಜೆಯ ಒಂದು ಹಾಡು, ಇಷ್ಟೇ ಅವರಿಗೆ ಹೊರಲೋಕ. ಮಗ ಮನೆಯನ್ನು ದುರಸ್ತಿ ಮಾಡಿಸಿದ. ಚೆಲುವಾಗಿಯೇ ಮಾಡಿಸಿದ, ಸುಳ್ಳು ಹೇಳಬಾರದು. ಹಳೆಯ ರೇಡಿಯೋವನ್ನು ಎತ್ತಿಟ್ಟು, ಜಗಲಿಯ ಮರದ ಮುಚ್ಚಿಗೆಯ ಮೇಲೆ ಹೊಸ ಸ್ಪೀಕರುಗಳನ್ನು ಮಲಗಿಸಿ, ಕೆಳಗೆ ಹಲಗೆಯಲ್ಲಿ ಹೂವಿನಾಕಾರದ ಐದಾರು ರಂಧ್ರ ಕೊರೆಸಿದ. ಬಂದವರೆಲ್ಲ ತಲೆಯೆತ್ತಿ ‘ದನಿ ಎಲ್ಲಿಂದ ಬರುತ್ತದೆ?’ ಎಂದು ಬೆರಗಾಗುವರು. ಒಂದು ತಿಂಗಳಲ್ಲಿ ಅಜ್ಜಿ ರೇಡಿಯೋ ಹಾಕಿ ಎನ್ನುವುದನ್ನೇ ಬಿಟ್ಟರು. ನಾನು ಹೋದಾಗ ಕೇಳಿದೆ. “ಕಿವಿ ಹೋಯ್ತು ಮೇಷ್ಟ್ರೆ,” ಎಂದರು. “ಓದ್ತಾ ಇದಾರೆ ಅಂತ ಗೊತ್ತಾಗ್ತದೆ. ಏನು ಓದ್ತಾರೆ ಅಂತ ಗೊತ್ತಾಗೂದಿಲ್ಲ ಮಾರಾಯ್ರೆ. ವಯಸ್ಸಾಯ್ತಲ್ಲ, ಇನ್ನೆಷ್ಟು ದಿನ.”

ಕಿವಿ ಹೋಗಿರಲಿಲ್ಲ. ನಾನು ಆಡಿದ ಮಾತಿಗೆಲ್ಲ ಅವರು ಸರಿಯಾಗಿಯೇ ಉತ್ತರ ಕೊಡುತ್ತಿದ್ದರು. ವಯಸ್ಸಾದವರಿಗೆ ಮೊದಲು ಮಂಕಾಗುವುದು ಕೀರುದನಿಗಳೇ, ಅದು ನಿಜ. ಉಳಿದಿದ್ದ ಅಷ್ಟನ್ನೂ ಆ ಮುಚ್ಚಿಗೆಯ ಹಲಗೆ ನುಂಗುತ್ತಿತ್ತು. ದನಿ ಅಟ್ಟದಲ್ಲಿ ಹುಟ್ಟಿ, ಐದು ರಂಧ್ರಗಳಲ್ಲಿ ನುಸುಳಿ, ನೆಲಕ್ಕೆ ನೇರವಾಗಿ ಬೀಳುತ್ತಿತ್ತು. ಅಜ್ಜಿ ಕೂರುವುದು ಎಂಟು ಅಡಿ ಆಚೆ, ಅಡಿಗೆಮನೆಯ ಬಾಗಿಲ ಬಳಿ, ಕಾಲು ಚಾಚಿ ಚಾಪೆಯ ಮೇಲೆ. ಇಂಥ ಮನೆಗಳಲ್ಲಿ ಸ್ಪೀಕರಿನ ಜಾಗ ನಿರ್ಧರಿಸುವವರು ಅಲ್ಲಿ ಕೂತು ಕೇಳುವವರಲ್ಲ, ನಿಂತು ನೋಡುವವರು. ಮರಗೆಲಸದವರು ಬರುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ಮನೆಯಲ್ಲಿ ಇದನ್ನು ಅತಿ ಹೆಚ್ಚು ಕೇಳುವವರು ಯಾರು, ಅವರು ಎಲ್ಲಿ ಕೂರುತ್ತಾರೆ, ಕೂತಾಗ ಅವರ ಕಿವಿ ನೆಲದಿಂದ ಎಷ್ಟು ಎತ್ತರ? ಚಾಪೆಯಾದರೆ ಎರಡೂವರೆ ಅಡಿ, ಕುರ್ಚಿಯಾದರೆ ಮೂರೂವರೆಯಿಂದ ನಾಲ್ಕು. ಸ್ಪೀಕರಿನ ಬಾಯಿ ಆ ಎತ್ತರದಲ್ಲಿ, ಆ ಕಡೆಗೆ ಮುಖ ಮಾಡಿರಬೇಕು. ಅಷ್ಟಾದ ಮೇಲೆ ಮರೆಯ ಮಾತು.

ಆ ಮನೆಯಲ್ಲಿ ಉಪಾಯ ಗೋಡೆಯಲ್ಲೇ ಇತ್ತು. ಅಡಿಗೆಮನೆಯ ಬಾಗಿಲ ಪಕ್ಕ ಒಂದು ದೀಪದ ಗೂಡು, ಚಿಮಣಿ ದೀಪದ ಕಾಲದ್ದು, ಅಜ್ಜಿಯ ತಲೆಗಿಂತ ಒಂದು ಗೇಣು ಮೇಲೆ. ಮಣ್ಣಿನ ಗೋಡೆಯ ದಪ್ಪ ಒಂದೂವರೆ ಅಡಿಗೆ ಕಡಿಮೆಯಿಲ್ಲ. ಗೂಡಿಗೆ ಬೇಕಾದಷ್ಟು ಆಳ. ಒಂದು ಸಣ್ಣ ಸ್ಪೀಕರನ್ನು ಅಲ್ಲಿಗೆ ಇಳಿಸಿ, ಮುಖ ಸ್ವಲ್ಪ ಕೆಳಕ್ಕೆ ಬಾಗಿಸಿದರು. ಎದುರಿಗೆ ಬೆತ್ತದ ಹೆಣಿಗೆಯ ಚೌಕಟ್ಟು. ಈಗ ನೋಡುವವರಿಗೆ ಅದು ಹಳೆಯ ಮನೆಯ ಗೂಡಿಗೆ ಹಾಕಿದ ಕಿಟಕಿ. ಮಾರನೆಯ ವಾರ ನಾನು ಹೋದರೆ ಅಜ್ಜಿ ಸರಕು, ಬೆಟ್ಟೆ, ರಾಶಿ, ಗೊರಬಲು ಒಂದೊಂದರ ಧಾರಣೆಯನ್ನೂ ನನಗೇ ಒಪ್ಪಿಸಿದರು. ನನಗೆ ತೋಟವಿಲ್ಲ ಎಂದರೂ ಬಿಡಲಿಲ್ಲ.

ಗೂಡಿನಲ್ಲಿಡುವವರು ಎರಡು ವಿಷಯ ಗಮನಿಸಬೇಕು. ಸ್ಪೀಕರಿನ ಮುಖ ಗೋಡೆಯ ಮುಖಕ್ಕೆ ಸಮವಾಗಿರಬೇಕು. ಒಳಗೆ ಹುದುಗಿದರೆ ಗೂಡು ಕೊಡದ ಬಾಯಿಯಂತೆ ತನ್ನದೇ ಒಂದು ‘ಊಂ’ಕಾರವನ್ನು ಸೇರಿಸುತ್ತದೆ. ಮಕ್ಕಳು ಮೊಬೈಲನ್ನು ಹಿತ್ತಾಳೆ ಚೊಂಬಿನೊಳಗಿಟ್ಟು ಹಾಡು ಜೋರು ಮಾಡುವುದನ್ನು ನೀವು ನೋಡಿರಬಹುದು. ಜೋರಾಗುತ್ತದೆ, ಆದರೆ ಎಲ್ಲ ಹಾಡಿಗೂ ಚೊಂಬಿನ ರಾಗವೇ. ಸುತ್ತ ಉಳಿದ ಸಂದಿಗೆ ಹಳೆಯ ಹಾಸಿಗೆಯ ಹತ್ತಿ ತುಂಬಿದರೆ ಈ ಊಂಕಾರ ಅಡಗುತ್ತದೆ. ಆದರೆ ಸ್ಪೀಕರಿನೊಳಗೇ ವಿದ್ಯುತ್ ಯಂತ್ರವಿದ್ದರೆ ಹತ್ತಿ ಬೇಡ. ಅದಕ್ಕೆ ಗಾಳಿ ಬೇಕು, ಬಿಸಿಯಾದ ಯಂತ್ರದ ಸುತ್ತ ಹತ್ತಿ ತುಂಬುವುದು ಬೆಂಕಿಯ ಜೊತೆ ಸರಸ. ಕೆಲವು ಪೆಟ್ಟಿಗೆಗಳಿಗೆ ಬೆನ್ನಿನಲ್ಲೂ ಒಂದು ದುಂಡು ಬಾಯಿ ಇರುತ್ತದೆ. ಅಂಥವಕ್ಕೆ ಹಿಂದೆ ಒಂದು ಗೇಣು ಜಾಗ ಬಿಡಿ.

ಬೆತ್ತವನ್ನು ನಾನು ಸುಮ್ಮನೆ ಹೊಗಳುತ್ತಿಲ್ಲ. ಮರೆ ಯಾವುದೇ ಇರಲಿ, ಅದರಲ್ಲಿ ಅರ್ಧದಷ್ಟಾದರೂ ತೆರವಿರಬೇಕು. ಆಚಾರಿಗಳು ಪ್ರೀತಿಯಿಂದ ಕೊರೆದುಕೊಡುವ ಬಳ್ಳಿಯ ಜಾಲಂಧ್ರದಲ್ಲಿ ಬಳ್ಳಿಯೇ ಮುಕ್ಕಾಲು, ತೆರವು ಕಾಲು. ಕುರ್ಚಿಯ ಬೆತ್ತದ ಹೆಣಿಗೆ ಹಾಗಲ್ಲ. ನಮ್ಮ ಮೇದರು ಹೆಣೆಯುವ ಬಿದಿರಿನ ತಟ್ಟಿಯನ್ನೂ ಕಣ್ಣು ದೊಡ್ಡದಾಗಿ ಬಿಡಿಸಿ ಹೆಣೆಸಿಕೊಳ್ಳಬಹುದು. ಅದರ ಹಿಂದೆ ಕಪ್ಪು ಬಣ್ಣದ ತೆಳು ಬಟ್ಟೆ ಕಟ್ಟಿದರೆ ಒಳಗಿರುವುದು ಕಾಣುವುದಿಲ್ಲ. ಬಟ್ಟೆ ಆಗುತ್ತದೋ ಇಲ್ಲವೋ ಎಂದು ತಿಳಿಯಲು ಯಂತ್ರ ಬೇಡ. ಬಟ್ಟೆಯನ್ನು ತುಟಿಗೆ ಹಿಡಿದು ಹಣತೆಯತ್ತ ಊದಿ. ದೀಪ ಆರಿದರೆ ಆ ಬಟ್ಟೆ ಮಾತನ್ನೂ ಬಿಡುತ್ತದೆ. ಜಾಲರಿಗೆ ಬಣ್ಣ ಬಳಿಯುವವರು ಮೊದಲು ಹಿಂದಿನ ಬಟ್ಟೆಯನ್ನು ಬಿಚ್ಚಿ, ಕಣ್ಣು ಮುಚ್ಚಿಹೋಗದಂತೆ ತೆಳ್ಳಗೆ ಬಳಿಯಬೇಕು.

ಹಳೆಯ ಮಲೆನಾಡು ಮನೆಯಲ್ಲಿ ಇಂಥ ಜಾಗಗಳಿಗೆ ಬರವಿಲ್ಲ. ಕುವೆಂಪು ಹುಟ್ಟಿದ್ದು ನಮ್ಮ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, ೧೯೦೪ರ ಡಿಸೆಂಬರ್ ೨೯ರಂದು; ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಆ ಕುಪ್ಪಳಿಯ ಮನೆ ಈಗ ‘ಕವಿಮನೆ’ ಎಂಬ ಸಂಗ್ರಹಾಲಯ. ಹೋದವರು ಪುಸ್ತಕ, ಪಾತ್ರೆಗಳನ್ನು ನೋಡಿ ಬರುತ್ತಾರೆ; ಮುಂದಿನ ಸಲ ಕಂಬಗಳ ತಲೆಯ ಕಡೆಗೂ ಕಣ್ಣು ಹಾಯಿಸಿ. ಕಂಬ ತೊಲೆಯನ್ನು ಮುಟ್ಟುವ ಕಡೆ, ಬೋದಿಗೆಯ ಪಕ್ಕದಲ್ಲಿ, ಹಗಲಲ್ಲೂ ಒಂದು ನೆರಳಿರುತ್ತದೆ. ನಿಮ್ಮ ಮನೆಯಲ್ಲಿ ಅಂಥ ಕಂಬವಿದ್ದರೆ, ಮುಷ್ಟಿಗಾತ್ರದ ಸ್ಪೀಕರನ್ನು ಕಂಬದ ಬಣ್ಣವನ್ನೇ ಬಳಿದು ಅಲ್ಲಿಟ್ಟು ಕೆಳಮುಖ ಮಾಡಿದರೆ ಯಾರ ಕಣ್ಣಿಗೂ ಬೀಳದು. ಹಲಗೆಯ ಅಡ್ಡಗೋಡೆಯಿದ್ದರೆ ಇನ್ನೂ ಒಳ್ಳೆಯದು. ಸ್ಪೀಕರಿನ ಶಂಕು ಮುಂದಕ್ಕೆ ತಳ್ಳಿದಾಗ ಹಿಂದೆ ಗಾಳಿ ತೆಳುವಾಗುತ್ತದೆ. ಮುಂದಿನ ಅಲೆ ಹಿಂದಿನ ಅಲೆ ಸೇರಿದರೆ ತಗ್ಗುದನಿಗಳು ಒಂದನ್ನೊಂದು ಕೊಲ್ಲುತ್ತವೆ. ಅದಕ್ಕೇ ಸ್ಪೀಕರಿಗೆ ಪೆಟ್ಟಿಗೆ ಬೇಕಾದದ್ದು. ಬಿಡಿ ಸ್ಪೀಕರನ್ನು ಹಲಗೆಗೋಡೆಯಲ್ಲಿ ಕೂರಿಸಿದರೆ ಗೋಡೆಯೇ ಆ ಎರಡನ್ನೂ ಬೇರೆ ಮಾಡುತ್ತದೆ. ಆಚೆಯ ಕೋಣೆಯವರಿಗೂ ಕೇಳುತ್ತದೆಂಬುದು ಇದರ ಗುಣವೋ ದೋಷವೋ, ಆಚೆ ಮಲಗುವವರನ್ನು ಕೇಳಿ ತೀರ್ಮಾನಿಸಬೇಕು.

ಮಾಡಬಾರದ್ದೂ ಒಂದಿದೆ. ಈಗ ಹಳೆಯ ಮನೆಗಳನ್ನು ಪ್ರವಾಸಿಗರ ತಂಗುಮನೆ ಮಾಡುವವರಲ್ಲಿ ಕೆಲವರು ಭತ್ತದ ಪತ್ತಾಯದೊಳಗೆ ಸ್ಪೀಕರಿಟ್ಟು ಮುಚ್ಚಳ ಹಾಕುತ್ತಾರೆ. ನೋಡಲು ಸೊಗಸು. ಕೇಳಲು ಹೋದರೆ ಭಾವಗೀತೆ ಹಾಡುವವರೂ ಹವಾಮಾನ ಹೇಳುವವರೂ ಭೀಮಸೇನನ ಮಕ್ಕಳೇ. ವೀಣೆಯ ಕೊಡಕ್ಕೆ ಹಲಸಿನ ಮರ ಶ್ರೇಷ್ಠ, ಏಕೆಂದರೆ ಅದು ತಂತಿಯ ಜೊತೆ ತಾನೂ ಹಾಡುತ್ತದೆ. ಸ್ಪೀಕರಿನ ಪೆಟ್ಟಿಗೆ ಹಾಡಲೇಬಾರದು. ಹಾಡು ಆಗಲೇ ಮುಗಿದು ಬಂದಿದೆ. ಪೆಟ್ಟಿಗೆಯ ಕೆಲಸ ತಲುಪಿಸುವುದು ಮಾತ್ರ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಪೆಟ್ಟಿಗೆ ಮರುದನಿ ಕೊಡದೆ ಮೊಂಡಾಗಿ ‘ದಬ್’ ಎಂದರೆ ಅದು ಒಳ್ಳೆಯ ಪೆಟ್ಟಿಗೆ. ಹೂಕುಂಡದ ವೇಷ, ಬಂಡೆಯ ವೇಷ ಹಾಕಿದ ಸ್ಪೀಕರುಗಳೂ ಅಂಗಡಿಯಲ್ಲಿ ಸಿಗುತ್ತವೆ. ನನಗೆ ಅವು ಸೇರವು. ಮಾತನಾಡುವ ಹೂಕುಂಡದ ಮುಂದೆ ಎಷ್ಟು ಹೊತ್ತು ಗಂಭೀರವಾಗಿ ಕೂರಲು ಸಾಧ್ಯ?

ಮಳೆಗಾಲದ ಮಾತು ಬೇರೆ. ಆಗುಂಬೆಯ ಆಸುಪಾಸಿನ ಮಳೆ ಹಂಚಿನ ಮೇಲೆ ಸುರಿಯತೊಡಗಿತೆಂದರೆ ಎದುರಿಗೆ ಕೂತವನ ಮಾತೇ ಕೇಳುವುದಿಲ್ಲ. ಎಲ್ಲಿ ಗುಡ್ಡ ಜರಿಯಿತು, ಯಾವ ಸೇತುವೆಯ ಮೇಲೆ ನೀರು ಬಂತು, ಕೊಪ್ಪ, ಶೃಂಗೇರಿ, ನರಸಿಂ­ಹರಾಜಪುರದ ಶಾಲೆಗಳಿಗೆ ನಾಳೆ ರಜೆಯೋ ಅಲ್ಲವೋ ಎಂಬುದನ್ನು ಕೇಳಲೇಬೇಕಾದ ದಿನಗಳೂ ಅವೇ. ಎಲ್ಲರೂ ಆಗ ಗುಂಡಿ ತಿರುಗಿಸಿ ದನಿ ಹೆಚ್ಚಿಸುತ್ತಾರೆ. ಸಣ್ಣ ಸ್ಪೀಕರು ಅತಿಯಾಗಿ ಕೂಗಿದರೆ ಒಡಕುದನಿ ಬರುತ್ತದೆಯೇ ಹೊರತು ಮಾತು ತಿಳಿಯಾಗುವುದಿಲ್ಲ. ಹತ್ತಿರ ತರುವುದೊಂದೇ ದಾರಿ. ಬಯಲಿನಲ್ಲಿ ದೂರ ಅರ್ಧವಾದರೆ ದನಿಯ ಬಲ ನಾಲ್ಕರಷ್ಟಾಗುತ್ತದೆ. ಮನೆಯೊಳಗೆ ಅಷ್ಟಲ್ಲದಿದ್ದರೂ ಲಾಭ ದೊಡ್ಡದೇ. ಆದ್ದರಿಂದ ಜಗಲಿಯಲ್ಲಿ ಒಂದು ದೊಡ್ಡ ಸ್ಪೀಕರಿಗೆ ಸುರಿಯುವ ಹಣದಲ್ಲಿ, ಜಗಲಿಗೊಂದು ಅಡಿಗೆಮನೆಗೊಂದು ಎಂದು ಎರಡು ಚಿಕ್ಕವನ್ನು ತನ್ನಿ. ಚಿಕ್ಕದನ್ನು ಮರೆಮಾಡುವುದೂ ಸುಲಭ. ಬೆಳಗ್ಗಿನಿಂದ ಅಡಿಗೆಮನೆಯಲ್ಲಿ ನಿಂತು ಕೆಲಸ ಮಾಡುವ ಮನೆಯಾಕೆ ಜಗಲಿಯ ಸ್ಪೀಕರಿನ ಹಳಸಲನ್ನು ಕೇಳಿಕೊಂಡಿರಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ನೀವು ಪಟ್ಟಣದಲ್ಲಿರುವವರು, ನಿಮಗೆ ದೀಪದ ಗೂಡು ಎಲ್ಲಿಂದ ಬರಬೇಕು ಎಂದು ಕೇಳುವಿರಿ. ನಿಮ್ಮ ಕಷ್ಟ ಬೇರೆಯದು. ಕಾಂಕ್ರೀಟಿನ ಸೂರು, ನುಣುಪು ಗೋಡೆ, ಹೊಳೆಯುವ ಟೈಲ್ಸಿನ ನೆಲ: ದನಿ ಎಲ್ಲಿಗೆ ಹೋದರೂ ಮರಳಿ ಬರುತ್ತದೆ. ಒಂದು ಅಕ್ಷರದ ಬಾಲ ಅಡಗುವ ಮೊದಲೇ ಇನ್ನೊಂದರ ತಲೆ ಬರುತ್ತದೆ. ‘ಇಪ್ಪತ್ತು’ ಎಂದರೋ ‘ಎಪ್ಪತ್ತು’ ಎಂದರೋ ತಿಳಿಯದು. ೧೮೯೫ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಹೊಸದಾಗಿ ಕಟ್ಟಿದ ಒಂದು ಉಪನ್ಯಾಸಮಂದಿರದಲ್ಲಿ ಯಾರ ಮಾತೂ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಸರಿಪಡಿಸುವ ಕೆಲಸ ಸ್ಯಾಬೈನ್ ಎಂಬ ತರುಣ ಅಧ್ಯಾಪಕರ ಪಾಲಿಗೆ ಬಂತು. ಅವರು ರಾತ್ರಿಯ ನಿಶ್ಶಬ್ದದಲ್ಲಿ ಅಳೆದು ನೋಡಿದರೆ, ಒಂದು ಸದ್ದು ಪೂರ್ತಿ ಅಡಗಲು ಐದೂವರೆ ಸೆಕೆಂಡು ಬೇಕಾಗುತ್ತಿತ್ತು. ಪಕ್ಕದ ನಾಟಕಶಾಲೆಯಿಂದ ಆಸನದ ಮೆತ್ತೆಗಳನ್ನು ಹೊತ್ತು ತಂದು ಒಂದೊಂದಾಗಿ ಹಾಸುತ್ತ ಹೋದಂತೆ ಆ ಕಾಲ ಇಳಿಯುತ್ತ ಬಂತು. ಶ್ರವಣಶಾಸ್ತ್ರದ ಲೆಕ್ಕಾಚಾರ ಹುಟ್ಟಿದ್ದು ಆ ಮೆತ್ತೆಗಳಿಂದ.

ಹಳೆಯ ಮನೆಗಳಲ್ಲಿ ಚಾಪೆ, ಗೋಣಿಚೀಲ, ಕಂಬಳಿ, ತೆರೆದ ಹಂಚಿನ ಮಾಡು ಇವೇ ಆ ಮೆತ್ತೆಯ ಕೆಲಸ ಮಾಡುತ್ತಿದ್ದುವು. ನಿಮ್ಮ ಹಜಾರದಲ್ಲಿ ಒಂದು ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಇಳಿಬಿಡಿ. ದಪ್ಪ ಪರದೆ ಸ್ಪೀಕರಿನ ಎದುರಿಗೆ ಶತ್ರು. ಎದುರುಗೋಡೆಯ ಮೇಲೆ ಮಿತ್ರ. ಇನ್ನು ಅಡಗಿಸುವ ಜಾಗ: ಪುಸ್ತಕದ ಕಪಾಟು. ಅದಕ್ಕಿಂತ ಉತ್ತಮ ಜಾಗ ಪಟ್ಟಣದ ಮನೆಯಲ್ಲಿ ನನಗೆ ಕಂಡಿಲ್ಲ. ದಪ್ಪನೆಯ ಗ್ರಂಥಗಳ ನಡುವೆ, ಅವುಗಳ ಬೆನ್ನಿಗೆ ಸಮವಾಗಿ ಸ್ಪೀಕರನ್ನು ನಿಲ್ಲಿಸಿ, ಪುಸ್ತಕದ ಬೆನ್ನಿನ ಬಣ್ಣದ್ದೇ ತೆಳುಬಟ್ಟೆ ಹೊದಿಸಿದರೆ ಅದೂ ಒಂದು ಸಂಪುಟದಂತೆ ಕಾಣುತ್ತದೆ. ಕಪಾಟಿಗೆ ಗಾಜಿನ ಬಾಗಿಲಿದ್ದರೆ ಮಾತ್ರ ಆ ಆಸೆ ಬಿಡಿ. ಕೋಣೆಯ ಮೂಲೆಗೂ ತಳ್ಳಬೇಡಿ. ಮೂರು ಕಡೆಯ ಗೋಡೆನೆಲಗಳು ಸೇರಿ ತಗ್ಗುದನಿಯನ್ನು ಉಬ್ಬಿಸುತ್ತವೆ, ಮಾತು ಗುಮ್ಮೆನ್ನುತ್ತದೆ. ಸಂಗೀತಕ್ಕೆ ಎಡಬಲ ಎರಡು ಬೇಕೆನ್ನುವವರು ಇಡಲಿ. ಒಬ್ಬರ ಮಾತು ಕೇಳಲು ಒಂದು ಸಾಕು.

ಸ್ಪೀಕರನ್ನು ಅಡಗಿಸಬಹುದೆಂದು ರೇಡಿಯೋ ಸೆಟ್ಟನ್ನೂ ಉಕ್ಕಿನ ಬೀರುವಿನೊಳಗೆ ಇಟ್ಟೀರಿ. ಬಾನುಲಿಯ ಅಲೆ ಲೋಹದ ಗೋಡೆ ದಾಟದು. ಮಧ್ಯಮ ತರಂಗದ ಸೆಟ್ಟಿಗಂತೂ ಎಲ್.ಇ.ಡಿ. ದೀಪ, ಮೊಬೈಲಿನ ಚಾರ್ಜರು ಹತ್ತಿರವಿದ್ದರೂ ಗರಗರ ಕಾಟ. ಸೆಟ್ಟು ಕಿಟಕಿಯ ಬಳಿ ಇರಲಿ, ಸ್ಪೀಕರು ಕೇಳುವವರ ಬಳಿ ಇರಲಿ, ನಡುವೆ ತಂತಿ ಓಡಲಿ. ತಂತಿಯಿಲ್ಲದ ಬ್ಲೂಟೂತ್ ಸ್ಪೀಕರುಗಳು ಒಂದೇ ಕೋಣೆಯಲ್ಲಿ ಸರಿ. ದಪ್ಪ ಮಣ್ಣಿನ ಗೋಡೆ ಎರಡು ಅಡ್ಡ ಬಂದರೆ ಮಾತು ತುಂಡುತುಂಡಾಗುತ್ತದೆ. ತಂತಿಯನ್ನು ತೊಲೆಯ ಮೇಲಂಚಿನಲ್ಲಿ ಎಳೆದು ಮರದ ಬಣ್ಣ ಬಳಿದರೆ ಕಾಣದು. ದೂರ ಹೆಚ್ಚಾದಷ್ಟೂ ತಾಮ್ರ ದಪ್ಪವಿರಬೇಕು, ವಿದ್ಯುತ್ತಿನ ತಂತಿಯ ಜೊತೆ ಒಂದೇ ಕೊಳವೆಯಲ್ಲಿ ತುರುಕಬಾರದು. ಇಲಿ ಓಡಾಡುವ ದಾರಿ ಬಿಟ್ಟು ಎಳೆಯಿರಿ. ಗುಡುಗು ಸಿಡಿಲಿನ ತಿಂಗಳುಗಳಲ್ಲಿ ಪ್ಲಗ್ ಕೈಗೆ ಸಿಗುವ ಕಡೆ ಇರಲೇಬೇಕು. ಅದನ್ನು ಮಾತ್ರ ಅಂದಕ್ಕಾಗಿ ಬೀರುವಿನ ಹಿಂದೆ ಹುದುಗಿಸಬೇಡಿ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಮನೆಯ ಮಗುವಿನಿಂದ ಇಪ್ಪತ್ತು ಪದ ಓದಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ: ಸಕಲ, ಶಕಲ, ಸಂಕರ, ಶಂಕರ, ದನ, ಧನ, ಕರ, ಖರ, ಪಾಲು, ಬಾಲ, ಇಪ್ಪತ್ತು, ಎಪ್ಪತ್ತು, ಇಂಥವು, ಹಿಂದುಮುಂದು ಮಾಡಿ. ಅದನ್ನು ಮರೆಯಲ್ಲಿರುವ ಸ್ಪೀಕರಿನಿಂದ ನುಡಿಸಿ, ಮನೆಯ ಹಿರಿಯರು ಕೂರುವ ಜಾಗದಲ್ಲೇ ಕೂತು ಇನ್ನೊಬ್ಬರು ಬರೆದುಕೊಳ್ಳಲಿ. ಹಿರಿಯರೇ ಬಾಯಲ್ಲಿ ಹೇಳಿ ಮೊಮ್ಮಗ ಬರೆದರೆ ಇನ್ನೂ ಚೆನ್ನ. ತಪ್ಪುಗಳೆಲ್ಲ ಸ-ಶಗಳಲ್ಲೇ ಬಿದ್ದರೆ ಬಟ್ಟೆ ದಪ್ಪವಾಗಿದೆ, ಅಥವಾ ಸ್ಪೀಕರಿನ ಮುಖ ಬೇರೆ ಕಡೆಗಿದೆ. ಅಂಕಿಗಳು ಕಲಸಿಹೋದರೆ ಕೋಣೆಯಲ್ಲಿ ಮಾರ್ದನಿ ಹೆಚ್ಚು, ಜಮಖಾನ ಹಾಸಿ. ಎಲ್ಲವೂ ಊಂಕಾರವಾಗಿ ಕೇಳಿದರೆ ಗೂಡಿನಿಂದ ಸ್ವಲ್ಪ ಮುಂದಕ್ಕೆ ಎಳೆಯಿರಿ. ಮಳೆಗಾಲ ಕಳೆದ ಮೇಲೆ ಇದನ್ನೇ ಇನ್ನೊಮ್ಮೆ ಬರೆಸಬೇಕು, ಏಕೆಂದರೆ ತೇವಕ್ಕೆ ಸ್ಪೀಕರಿನ ಕಾಗದ ಮೆತ್ತಗಾಗುತ್ತದೆ, ಬಟ್ಟೆಯ ಕಣ್ಣಿಗೆ ಧೂಳು, ಬೂಷ್ಟು ಕೂರುತ್ತದೆ. ಮೊದಲ ಸಲ ಬರೆದ ಕಾಗದವನ್ನು ಕಪಾಟಿನಲ್ಲಿ ತೆಗೆದಿಡಿ. ಹೋಲಿಸಿ ನೋಡಲು ಬೇಕಾಗುತ್ತದೆ.